ಇಟ್ಟಂಗಿ ಮನೆಯ ಕಿಡಕಿಗೆ ಯಾವ ಬಣ್ಣ?

ಬೆಳೆ, ಬೀಜ, ಗೊಬ್ಬರದ ಮಾತು ಬಿಟ್ಟು ಇವನೇನು ಕಿಡಕಿ ಬಣ್ಣದ ಮಾತು ತೆಗೆದ ಎಂದು ಓದುಗರು ನಗಬಹುದು. ನಗಲಿ. ಮೂಡಲಗಿ, ಗೋಕಾಕ, ಹುಕ್ಕೇರಿ ತಾಲ್ಲೂಕುಗಳ ಒಣಬೇಸಾಯದ ಹಳ್ಳಿಗಳಲ್ಲಿ ಹೊಸ ಮನೆ ಕಟ್ಟಿದ ನಮ್ಮಂಥವರು ಪಾಯಾಕ್ಕೆ, ಗೋಡೆಗೆ ಲೆಕ್ಕ ಹಾಕಿ ಖರ್ಚು ಮಾಡುತ್ತೇವೆ. ಬಣ್ಣಕ್ಕೆ ಬಂದಾಗ ಮಾತ್ರ ಲೆಕ್ಕ ಬಿಟ್ಟು ಪಕ್ಕದ ಮನೆ ನೋಡುತ್ತೇವೆ. ನಾನೂ ಹಾಗೇ ಮಾಡಿದೆ. ಆದ ಹಾನಿ ಬರೆದರೆ ನಾಲ್ಕು ಮಂದಿಗೆ ಉಪಯೋಗ ಆದೀತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಿಡಕಿಯ ಕದಕ್ಕೆ ಬಣ್ಣ ಆರಿಸುವಾಗ ಮೊದಲು ಬಿಸಿಲು ನೋಡಬೇಕು, ಆಮೇಲೆ ಕಟ್ಟಿಗೆ ನೋಡಬೇಕು, ಮಂದಿ ಏನಂತಾರೆ ಅನ್ನುವುದು ಕಡೆಗೆ. ನಾವು ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆಗೆ ಮಹಾಪೂರ ಬಂದದ್ದು ಎಲ್ಲರಿಗೂ ನೆನಪಿದೆ. ನಮ್ಮೂರು ಹೊಳೆಯಿಂದ ದೂರ, ಕಾಲುವೆಗಿಂತ ಎತ್ತರ. ಹೊಳೆ ನೀರು ನಮ್ಮಲ್ಲಿಗೆ ಬರಲಿಲ್ಲ. ಆದರೆ ಬಿಡದೆ ಹಿಡಿದ ಮಳೆಗೆ ನಮ್ಮ ಮಣ್ಣಿನ ಗೋಡೆ ನೆನೆದು ಹಿಂದಿನ ಭಾಗ ಪೂರಾ ಕುಸಿಯಿತು. ಪುಣ್ಯಕ್ಕೆ ದನ ಹೊರಗಿದ್ದವು. ಮುಂದಿನ ವರ್ಷ ಇಟ್ಟಂಗಿ ಮನೆಗೆ ಕೈ ಹಾಕಿದೆ. ಒಳಗೆ ಗಿಲಾವ್ ಆಗುವಷ್ಟರಲ್ಲಿ ರೊಕ್ಕ ಮುಗಿಯಿತು. ಹೊರಗೆ ಇಟ್ಟಂಗಿಯ ಸಂದಿ ಮಾತ್ರ ಸಿಮೆಂಟಿನಿಂದ ತುಂಬಿಸಿ, ಗೋಡೆ ಕೆಂಪಗೆ ಹಾಗೇ ಬಿಟ್ಟೆ. ಬದುವಿನ ಮೇಲಿನ ಬೇವಿನ ಮರ ಕಡಿಸಿ ಆರು ಕಿಡಕಿ ಮಾಡಿಸಿದೆ, ಒಂದೊಂದಕ್ಕೆ ಎರಡು ಕದ. ಮುಂಬಾಗಿಲು ಮಾತ್ರ ಹಳೇ ಮನೆಯದೇ, ನಮ್ಮ ಅಪ್ಪನ ಕಾಲದ್ದು.

2021ರಲ್ಲಿ ಮಗನಿಗೆ ಹೆಣ್ಣು ನೋಡುವ ಕೆಲಸ ಹತ್ತಿತು. ಒಣಬೇಸಾಯದ ಹುಡುಗನಿಗೆ ಹೆಣ್ಣು ಸಿಗುವುದು ಎಷ್ಟು ಕಠಿಣ ಅನ್ನುವುದನ್ನು ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂಬಂಧ ತಂದವನು ಮನೆ ಸುತ್ತ ಒಂದು ಸುತ್ತು ಹಾಕಿ, "ಕಾಕಾ, ಗೋಡಿಗೆ ಗಿಲಾವ್ ಇಲ್ಲ, ಇರಲಿ. ಕಿಡಕಿಗಾದರೂ ಬಣ್ಣ ಹಚ್ಚಸ್ರಿ. ಬೀಗರು ಮೊದಲ ನೋಡೂದು ಅದನ್ನ" ಅಂದ. ಕಾಲುವೆ ಕೆಳಗೆ ಕಬ್ಬು ಬೆಳೆಯುವವರ ಮನೆಗಳಿಗೆ ಆ ವರ್ಷ ಎಲ್ಲ ಕಡೆ ಕಾಫಿ ಬಣ್ಣ, ಮಿರಿಮಿರಿ ಮಿಂಚುವಂಥದ್ದು. ನಾನೂ ಅದನ್ನೇ ತಂದೆ. ಬಣ್ಣ, ಅಸ್ತರು, ಇಬ್ಬರು ಆಳಿನ ಪಗಾರ ಎಲ್ಲ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಎರಡು ಚೀಲಕ್ಕಿಂತ ಹೆಚ್ಚು ಬಿಳಿಜೋಳ ಮಾರಿದ ರೊಕ್ಕ ಅದು.

ಸಂಬಂಧ ಕೂಡಿತು. ಮದುವೆ ಆಯಿತು. ಬಣ್ಣ ಮಾತ್ರ ನಿಲ್ಲಲಿಲ್ಲ.

ಎರಡನೇ ಬೇಸಿಗೆಗೆ ಪಡುವಣ ಗೋಡೆಯ ಎರಡು ಕಿಡಕಿಗಳಲ್ಲಿ ಬೊಕ್ಕೆ ಎದ್ದವು. ಬೊಕ್ಕೆ ಒಡೆದು ಹಕ್ಕಳಿಕೆ ಬಿದ್ದವು. ಮಳೆಗಾಲದಲ್ಲಿ ಆ ಸೀಳಿನೊಳಗೆ ನೀರು ಇಳಿಯಿತು, ಇಳಿದ ನೀರು ಹೊರಗೆ ಬರಲು ದಾರಿ ಇಲ್ಲ. 2023ರ ದೀಪಾವಳಿಗೆ ಒಂದು ಕದ ಬಾಗಿ, ಮುಚ್ಚಿದರೆ ಚೌಕಟ್ಟಿಗೆ ಕೂಡುತ್ತಿರಲಿಲ್ಲ. ಆದರೆ ಅದೇ ಡಬ್ಬಿಯ ಬಣ್ಣ, ಅದೇ ಮರದ ಕಟ್ಟಿಗೆ, ಬಡಗಣ ಗೋಡೆಯಲ್ಲಿ ಒಂದು ಗೀರೂ ಇಲ್ಲದೆ ನಿಂತಿತ್ತು. ಬಣ್ಣದ್ದೇ ತಪ್ಪಾಗಿದ್ದರೆ ಎಲ್ಲ ಕಡೆ ಕೆಡಬೇಕಿತ್ತು.

ನಮ್ಮೂರ ಹಿರಿಯ ಬಡಿಗೇರ ಅಜ್ಜನನ್ನು ಕರೆತಂದು ತೋರಿಸಿದೆ. ಅವರು ಮೊದಲು ಬಣ್ಣ ನೋಡಲಿಲ್ಲ. ಕದ ಬಿಚ್ಚಿಸಿ ತಲೆಕೆಳಗೆ ಮಾಡಿ ಅದರ ಕೆಳಗಿನ ಅಂಚು ನೋಡಿದರು. ಅಲ್ಲಿ ಬಣ್ಣವೇ ಇರಲಿಲ್ಲ. "ತಮ್ಮಾ, ಮುಂದ ಹಿಂದ ಅಂಗಿ ತೊಡಿಸಿ ಬುಡ ಬರಿಗಾಲಿಲೆ ನಿಲ್ಲಿಸಿದಿ. ಕಟ್ಟಿಗಿ ನೀರು ಕುಡಿಯೂದು ಅಲ್ಲಿಂದ" ಅಂದರು. ಆಮೇಲೆ ಕೇಳಿದರು, "ಮರ ಕಡದು ಎಷ್ಟು ದಿನಕ್ಕ ಕೊಯ್ಸಿದಿ?" ಮೂರು ತಿಂಗಳು ಅಂದೆ. "ಹಸಿ ಕಟ್ಟಿಗಿ. ಅದರ ಮ್ಯಾಲೆ ಕರಿ ಬಣ್ಣ. ಕುಲಮಿಯೊಳಗ ಇಟ್ಟಂಗ ಆತು" ಅಂದರು.

ಅಜ್ಜ ಹೇಳಿದ್ದನ್ನು ನಾನು ಕೈಯಿಂದಲೇ ಪರೀಕ್ಷೆ ಮಾಡಿದೆ. ಉಳಿದ ಒಂದು ಹಲಗೆಯ ಅರ್ಧಕ್ಕೆ ಕಾಫಿ ಬಣ್ಣ, ಅರ್ಧಕ್ಕೆ ತಿಳಿ ಬೂದಿ ಬಣ್ಣ ಹಚ್ಚಿ ಪಡುವಣ ಗೋಡೆಗೆ ಆನಿಸಿ ಇಟ್ಟೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆಗೆ ಕಾಫಿ ಬಣ್ಣದ ಮೇಲೆ ಅಂಗೈ ಇಡಲು ಆಗಲಿಲ್ಲ. ತಿಳಿ ಬಣ್ಣದ ಮೇಲೆ ಇಟ್ಟುಕೊಂಡು ನಿಲ್ಲಬಹುದಿತ್ತು. ದಟ್ಟ ಬಣ್ಣ ಬಿಸಿಲನ್ನು ಒಳಗೆ ಎಳೆಯುತ್ತದೆ, ತಿಳಿ ಬಣ್ಣ ತಿರುಗಿಸಿ ಕಳಿಸುತ್ತದೆ. ಕಾದ ಕಟ್ಟಿಗೆಯೊಳಗಿನ ತೇವ ಆವಿಯಾಗಿ ಹೊರಗೆ ಬರಲು ಬಣ್ಣದ ಪದರನ್ನು ಒತ್ತುತ್ತದೆ. ಬೊಕ್ಕೆ ಏಳುವುದು ಹೀಗೆ. ಬಿತ್ತುವ ಮೊದಲು ನೂರು ಕಾಳು ಮೊಳಕೆ ಹಾಕಿ ಬೀಜ ಪರೀಕ್ಷೆ ಮಾಡುವ ನಾವು, ಆರು ಸಾವಿರದ ಬಣ್ಣಕ್ಕೆ ಒಂದು ಹಲಗೆ ಪರೀಕ್ಷೆ ಮಾಡಲಿಲ್ಲ.

ಹಾಗಾದರೆ ಯಾವ ಬಣ್ಣ? ದಿಕ್ಕು ಹಿಡಿದು ಹೇಳುತ್ತೇನೆ.

ಪಡುವಣ ಮತ್ತು ತೆಂಕಣ ಗೋಡೆಯ ಕಿಡಕಿಗೆ ತಿಳಿ ಬಣ್ಣವೇ ಇರಲಿ. ಅಚ್ಚ ಬಿಳಿ ಬೇಡ. ನಮ್ಮ ಎರಿ ಹೊಲದ ಧೂಳು ಬಿಳಿಯ ಮೇಲೆ ಎಂಟು ದಿನಕ್ಕೆ ಕಾಣುತ್ತದೆ. ತಿಳಿ ಬೂದಿ, ಇಲ್ಲವೆ ಒಣಗಿದ ಜೋಳದ ಕಣಿಕೆಯಂಥ ಬಣ್ಣ ಧೂಳನ್ನೂ ಅಡಗಿಸುತ್ತದೆ, ಕೆಂಪು ಇಟ್ಟಂಗಿಯ ನಡುವೆ ಕಣ್ಣಿಗೂ ಹಿತ. ಮಸಾರಿ ಹೊಲದವರಾದರೆ ಸ್ವಲ್ಪ ಕೆಂಪು ಬೆರೆತ ತಿಳಿ ಬಣ್ಣ ನಡೆದೀತು. ಹುಕ್ಕೇರಿಯಿಂದ ಪಡುವಣಕ್ಕೆ ಹೋದಂತೆ ಗಾಳಿಮಳೆ ಹೆಚ್ಚು. ಅಲ್ಲಿಯವರು ಬಣ್ಣಕ್ಕಿಂತ ಮೊದಲು ಕಿಡಕಿಯ ಮೇಲೆ ಚಜ್ಜಾ ಮಾಡಿಸಲಿ. ನೆರಳಿಗಿಂತ ದೊಡ್ಡ ಬಣ್ಣ ಇಲ್ಲ.

ಬಡಗಣ ಗೋಡೆಗೂ, ಪಡಸಾಲೆಯ ಮಾಡಿನ ಕೆಳಗಿನ ಬಾಗಿಲಿಗೂ ಬಿಸಿಲಿನ ಭಯ ಇಲ್ಲ. ಅಲ್ಲಿ ಮನೆಯವರಿಗೆ ಬೇಕಾದ ಬಣ್ಣ ಇರಲಿ. ಗೋಕಾಕದ ಕಟ್ಟಿಗೆ ಗೊಂಬೆಗಳ ಬಣ್ಣ ನೋಡಿ ಎಲ್ಲರೂ ಮೆಚ್ಚುತ್ತೇವೆ. ಆ ಗೊಂಬೆ ಮಾಡಿನೊಳಗೆ ಕೂಡುತ್ತದೆ. ಕಿಡಕಿ ಹನ್ನೆರಡು ತಿಂಗಳು ಹೊರಗೆ ನಿಲ್ಲುತ್ತದೆ. ಎರಡಕ್ಕೂ ಒಂದೇ ಬಣ್ಣ ಕೇಳಿದರೆ ಆಗದು.

ಇನ್ನು ನಮ್ಮ ಹಳೇ ಪದ್ಧತಿಯ ಮಾತು. ಹಿಂದೆ ಬಾಗಿಲು, ಕಿಡಕಿ, ಬಂಡಿಗೆ ಅಗಸಿ ಎಣ್ಣೆಯಲ್ಲಿ ಕೆಮ್ಮಣ್ಣು ಕಲಸಿ ಒರೆಸುತ್ತಿದ್ದರು. ಹಿಂಗಾರಿ ಜೋಳದಲ್ಲಿ ಅಗಸಿ ಅಕ್ಕಡಿ ಇರುತ್ತಿತ್ತು, ದನ ಬಾಯಿ ಹಾಕದಂತೆ ಹೊಲದ ಅಂಚಿಗೆ ಮುಳ್ಳಿನ ಕುಸುಬಿ ಇರುತ್ತಿತ್ತು. ಈ ಎರಡೂ ಎಣ್ಣೆಗಳಿಗೆ ಒಂದು ಗುಣ ಇದೆ. ತೆಳ್ಳಗೆ ಹಚ್ಚಿದರೆ ಗಾಳಿಗೆ ಒಣಗಿ ಪದರಾಗುತ್ತವೆ. ಅದರಲ್ಲಿ ಅಗಸಿಯದು ಹೆಚ್ಚು ಗಟ್ಟಿ. ಶೇಂಗಾ ಎಣ್ಣೆ, ಔಡಲ ಎಣ್ಣೆ ಹಾಗೆ ಒಣಗುವುದಿಲ್ಲ, ಅಂಟಂಟಾಗೇ ಉಳಿದು ಧೂಳು ಹಿಡಿಯುತ್ತವೆ. ಪೇಟೆಯ ಎಣ್ಣೆ ಬಣ್ಣಗಳೂ ಮೊದಲು ಅಗಸಿ ಎಣ್ಣೆಯಿಂದಲೇ ಆಗುತ್ತಿದ್ದವು. ಅಂದರೆ ನಮ್ಮ ಹೊಲದ್ದನ್ನು ನಾವು ಬಿಟ್ಟು, ಡಬ್ಬಿಯಲ್ಲಿ ಕೊಂಡು ತಂದೆವು.

ಕೆಮ್ಮಣ್ಣಿಗೂ ಒಂದು ಗುಣ ಇದೆ. ಅದರ ಕೆಂಪು ಕಬ್ಬಿಣದ ತುಕ್ಕಿನ ಜಾತಿಯದು, ಬಿಸಿಲಿಗೆ ಮಾಸುವುದಿಲ್ಲ. ಪೇಟೆಯ ಅಗ್ಗದ ಗುಲಾಬಿ, ಜಾಂಬಳಿ ಬಣ್ಣಗಳು ಎರಡು ವರ್ಷಕ್ಕೆ ಬೆಳ್ಳಗಾದದ್ದನ್ನು ಎಲ್ಲ ಊರಲ್ಲೂ ನೋಡಬಹುದು.

2024ರಲ್ಲಿ ನಾನು ಮಾಡಿದ್ದು ಹೀಗೆ. ಪಡುವಣದ ಎರಡು ಕಿಡಕಿಗೆ ಹಳೇ ಬಣ್ಣ ತೆಗೆದು, ಅಸ್ತರು ಕೊಟ್ಟು, ತಿಳಿ ಬೂದಿ ಬಣ್ಣ ಹಚ್ಚಿದೆ. ಉಳಿದ ನಾಲ್ಕರಲ್ಲಿ ಬಡಗಣದ ಎರಡನ್ನು ಮುಟ್ಟಲಿಲ್ಲ. ಮೂಡಣದ ಎರಡು ಅಲ್ಲಲ್ಲಿ ಸೀಳಿದ್ದವು, ಅವನ್ನು ಬರೀ ಕಟ್ಟಿಗೆ ಕಾಣುವವರೆಗೆ ತೆಗೆದು ಅಗಸಿ ಎಣ್ಣೆ, ಕೆಮ್ಮಣ್ಣು ಒರೆಸಿದೆ. ಎಣ್ಣೆ ಬಣ್ಣದ ಪದರಿನ ಮೇಲೆ ಇದು ಹಿಡಿಯುವುದಿಲ್ಲ, ಒಳಗೆ ಇಂಗಬೇಕು. ಮೊದಲ ಕೈ ಎಣ್ಣೆಗೆ ಅರ್ಧಕ್ಕರ್ಧ ಟರ್ಪೆಂಟೈನ್ ಸೇರಿಸಿದೆ. ಆಮೇಲಿನ ಎರಡು ಕೈಗೆ ಒಂದು ಲೀಟರ್ ಎಣ್ಣೆಗೆ ಕಾಲು ಕಿಲೋ ಕೆಮ್ಮಣ್ಣು, ಅರಿವೆಯಲ್ಲಿ ಸೋಸಿದ್ದು. ಒಂದೊಂದು ಕೈ ತೆಳ್ಳಗೆ ಒರೆಸಿ, ಉಳಿದದ್ದನ್ನು ಒಣ ಬಟ್ಟೆಯಿಂದ ತೆಗೆದು, ನಾಲ್ಕೈದು ದಿನ ಒಣಗಲು ಬಿಟ್ಟೆ. ದಪ್ಪ ಹಚ್ಚಿದರೆ ಮೇಲೆ ಸುಕ್ಕು, ಒಳಗೆ ಹಸಿ. ಕದದ ಮೇಲಂಚು, ಕೆಳಂಚು ಮರೆಯಲಿಲ್ಲ. ನೆರಳಲ್ಲಿ, ಗಾಳಿ ಕಡಿಮೆ ಇರುವ ಮುಂಜಾನೆ ಈ ಕೆಲಸ ಮಾಡಬೇಕು.

ಒಂದು ಎಚ್ಚರಿಕೆ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ. ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ಆ ಕಾವು ಕೂಡಿ ತಾನೇ ಬೆಂಕಿ ಹತ್ತಬಹುದು. ಮೇವಿನ ಬಣವೆ ಇರುವ ಹಿತ್ತಲಲ್ಲಿ ಇದು ಸಣ್ಣ ಮಾತಲ್ಲ. ಬಟ್ಟೆಯನ್ನು ನೀರಲ್ಲಿ ಅದ್ದಿ, ಬಿಡಿಸಿ, ಬಯಲಲ್ಲಿ ಹರವಿ ಒಣಗಿಸಬೇಕು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಅದಕ್ಕಾಗಿಯೇ ಈ ಲೇಖನ ಬರೆಯಲು ಕುಳಿತೆ.

ಕಿಡಕಿ ಜೊತೆ ಹಳೇ ಮುಂಬಾಗಿಲನ್ನೂ ಹೊಸದು ಮಾಡೋಣ ಎಂದು ಮಗ ಪಾಲಿಶ್ ಕಾಗದ ಹಿಡಿದು ತಿಕ್ಕತೊಡಗಿದ. ಬಾಗಿಲಿನ ಮೇಲೆ ಹಸಿರು, ಅದರಡಿ ಹಳದಿ, ಅದರಡಿ ಮತ್ತೆ ಹಸಿರು, ನಮ್ಮ ಅಪ್ಪನ ಕಾಲದಿಂದ ಹಚ್ಚುತ್ತ ಬಂದ ಪದರುಗಳು. ಹಸಿರು ಪುಡಿ ಪಡಸಾಲೆ ತುಂಬ ಹಾರಿತು. ಒಂದೂವರೆ ವರ್ಷದ ಮೊಮ್ಮಗಳು ಅದರಲ್ಲೇ ಅಂಬೆಗಾಲಿಡುತ್ತಿದ್ದಳು. ಬಿಚ್ಚಿ ಇಟ್ಟ ಚೌಕಟ್ಟಿನ ತುಂಡನ್ನು ಕರು ನೆಕ್ಕುತ್ತ ನಿಂತಿತ್ತು. ನಮಗೆ ಯಾರಿಗೂ ಏನೂ ಅನ್ನಿಸಲಿಲ್ಲ.

ಮರುದಿನ ಬೂದಿ ಬಣ್ಣ ತರಲು ಗೋಕಾಕಕ್ಕೆ ಹೋದಾಗ ಅಂಗಡಿಯವರು ಡಬ್ಬಿಯ ಮೇಲಿನ ಅಕ್ಷರ ಓದಿ ಹೇಳಿದರು, ಇದರಲ್ಲಿ ಸೀಸ ಮಿತಿಯೊಳಗಿದೆ ಎಂದು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂತು. "ಹಂಗಾದರ ಅದಕ್ಕಿಂತ ಮೊದಲಿನ ಬಣ್ಣ?" ಎಂದು ಕೇಳಿದೆ. ಹಳೇ ಹಳದಿ, ಕೆಂಪು, ಹಸಿರು ಎಣ್ಣೆ ಬಣ್ಣಗಳಲ್ಲಿ ಸೀಸ ಜಾಸ್ತಿ ಇರುತ್ತಿತ್ತು ಎಂದರು. ನನ್ನ ಎದೆ ಧಸಕ್ಕೆಂದಿತು.

ಊರಿಗೆ ಬಂದು ಪಶುವೈದ್ಯರನ್ನು ಕೇಳಿದೆ. ಹಳೇ ಬಣ್ಣ, ಒಡೆದ ಬ್ಯಾಟರಿ ಎರಡನ್ನೂ ದನ ಆಸೆಯಿಂದ ನೆಕ್ಕುತ್ತವೆ, ಸೀಸ ಮೈಗೆ ಸೇರಿದರೆ ಕಣ್ಣು ಕಾಣದೆ ತೂರಾಡಿ ಸಾಯುವುದೂ ಉಂಟು ಎಂದರು. ಸಣ್ಣ ಮಕ್ಕಳಿಗೆ ಅದು ಮಿದುಳಿಗೇ ಪೆಟ್ಟು, ಬುದ್ಧಿ ಬೆಳೆಯುವುದಿಲ್ಲ. ನಮ್ಮ ಕರು, ಕೂಸು ಎರಡೂ ಚೆನ್ನಾಗಿವೆ. ಅದು ದೈವ, ನಮ್ಮ ಜಾಣತನ ಅಲ್ಲ.

ಆದ್ದರಿಂದ ಹಳೇ ಬಣ್ಣವನ್ನು ಒಣ ತಿಕ್ಕಬೇಡಿ, ಬೆಂಕಿ ಹಿಡಿದು ಸುಡಬೇಡಿ. ನೀರು ಚಿಮುಕಿಸಿ ಹಸಿಯಾಗಿ ಕೆರೆಯಿರಿ, ಮೂಗಿಗೆ ಬಟ್ಟೆ ಇರಲಿ, ಕೆಳಗೆ ಹಳೇ ಚೀಲ ಹಾಸಿ ಹೆರಕಲನ್ನು ಒಟ್ಟು ಮಾಡಿ. ತಿಪ್ಪೆಗೆ ಹಾಕಬೇಡಿ, ತಿಪ್ಪೆಯಿಂದ ಹೊಲಕ್ಕೆ ಹೋಗುತ್ತದೆ. ಮಕ್ಕಳನ್ನು, ಬಸುರಿ ಹೆಣ್ಣುಮಕ್ಕಳನ್ನು, ದನಕರುಗಳನ್ನು ಆ ದಿನ ದೂರ ಇಡಿ. ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಕೆರೆಯದೆ ಅದರ ಮೇಲೆ ಹೊಸ ಬಣ್ಣ ಹಚ್ಚುವುದೇ ವಾಸಿ. ನಾವು ಕಡೆಗೆ ಮುಂಬಾಗಿಲಿಗೆ ಹಾಗೇ ಮಾಡಿದೆವು. ಮಾಡಿನ ಕೆಳಗಿನ ಬಾಗಿಲು ಅದು, ಬಣ್ಣ ಆರಿಸಿದವಳು ಸೊಸಿ. ಹಸಿರೇ ಬೇಕೆಂದಳು, ಹಸಿರೇ ಹಚ್ಚಿದೆವು.

ಅಗಸಿ ಎಣ್ಣೆಯೇ ಎಲ್ಲದಕ್ಕೂ ಮದ್ದು ಎಂದು ನಾನು ಹೇಳುವುದಿಲ್ಲ. ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಒರೆಸಬೇಕು. ಮಳೆ ಬಡಿಯುವ ಕಡೆ ಬೂಸ್ಟು ಹಿಡಿಯುತ್ತದೆ. ಕಬ್ಬಿಣದ ಸರಳಿಗೆ ತುಕ್ಕು ತಡೆಯುವ ಅಸ್ತರೇ ಬೇಕು. ಆದರೆ ಒರೆಸುವ ಕೆಲಸ ಮನೆ ಮಂದಿಯೇ ಮಾಡಬಹುದು, ಹಳೆಯದನ್ನು ಕೆರೆಯುವ ಗೋಳಿಲ್ಲ. ಎರಡು ಮಳೆಗಾಲ ಕಳೆದವು, ಮೂಡಣದ ಕಿಡಕಿಗಳಲ್ಲಿ ಒಂದು ಬೊಕ್ಕೆಯೂ ಎದ್ದಿಲ್ಲ. ಪಡುವಣದ ಬೂದಿ ಬಣ್ಣವೂ ನಿಂತಿದೆ.

ಬಡವನ ಮನೆ ಚಂದ ಇರಬಾರದೇ ಎಂದು ಕೆಲವರು ಕೇಳಬಹುದು. ಇರಲಿ, ಅವಶ್ಯ ಇರಲಿ. ಆದರೆ ಕಬ್ಬಿನವರ ಮನೆಗೆ ಕಾರ್ಖಾನೆ ಬಿಲ್ಲು ಬಂದಾಗ ಮತ್ತೆ ಬಣ್ಣ ಹಚ್ಚಲು ಬರುತ್ತದೆ. ಮಳೆ ನಂಬಿದ ನಮಗೆ ಒಮ್ಮೆ ಹಚ್ಚಿದ್ದು ಐದಾರು ವರ್ಷ ಬಾಳಬೇಕು. ಅವರ ಬಣ್ಣ ನೋಡಿ ನಾವು ಸಾಲ ಮಾಡಬಾರದು.

ಒಂದು ದಿನ ಸೊಸಿಗೆ ಕೇಳಿದೆ, "ತಂಗಿ, ನಮ್ಮ ಮನಿ ನೋಡಾಕ ಬಂದಾಗ ಕಿಡಕಿ ಕಾಫಿ ಬಣ್ಣದ್ದಿದ್ದವು, ನೆನಪೈತೇನ?" ಅವಳು ನಕ್ಕು, "ಇಲ್ಲರೀ ಮಾವಾರ. ನಾ ಆವತ್ತ ನೋಡಿದ್ದು ಅಡಗಿಮನಿಗೆ ಕಿಡಕಿ ಐತೋ ಇಲ್ಲೋ ಅಂತ" ಅಂದಳು.

ನಮ್ಮ ಅಡಗಿಮನೆಗೆ ಕಿಡಕಿ ಇದೆ. ಅದು ಬಡಗಣ ಗೋಡೆಯದು, ಅದರ ಕಾಫಿ ಬಣ್ಣ ಇನ್ನೂ ಹಾಗೇ ಇದೆ. ಈ ವರ್ಷ ಮನೆ ಕಟ್ಟುವವರು ಬಣ್ಣದ ಅಂಗಡಿಗೆ ಹೋಗುವ ಮೊದಲು ಒಂದು ಮಧ್ಯಾಹ್ನ ಮನೆ ಸುತ್ತ ತಿರುಗಿ, ಯಾವ ಕಿಡಕಿಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂದು ಬರೆದಿಟ್ಟುಕೊಳ್ಳಲಿ. ಅಗಸಿ ಎಣ್ಣೆ ಬಳಸಿ ನೋಡಿದವರು, ಬೇರೆ ಉಪಾಯ ಕಂಡವರು ತಮ್ಮ ಅನುಭವ ಪತ್ರಿಕೆಗೆ ಬರೆಯಲಿ. ನನಗೂ ಇನ್ನು ಎರಡು ವರ್ಷಕ್ಕೆ ಕದ ಒರೆಸುವ ಕೆಲಸ ಇದೆ.