ಜೇನ್ ಆಸ್ಟೆನ್ ಜಮಾ-ಖರ್ಚು

ಮಕ್ಕಳೇ, ನಿಮ್ಮ ನೆಂಟರು ಯಾರಾದರೂ ಇಂಗ್ಲೆಂಡಿನಲ್ಲಿದ್ದರೆ ಅಲ್ಲಿನ ಹತ್ತು ಪೌಂಡಿನ ನೋಟನ್ನು ಒಮ್ಮೆ ತೋರಿಸಲು ಹೇಳಿ. ಹಿಂಬದಿಯಲ್ಲಿ ಕುಲಾವಿ ತೊಟ್ಟ ಒಬ್ಬ ಹೆಂಗಸಿನ ಚಿತ್ರವಿದೆ. ರಾಣಿಯಲ್ಲ, ಮಂತ್ರಿಯಲ್ಲ, ಕಾದಂಬರಿ ಬರೆದ ಜೇನ್ ಆಸ್ಟೆನ್. ಆಕೆ ತೀರಿಕೊಂಡು 200 ವರ್ಷವಾದಾಗ, 2017ರಲ್ಲಿ, ಈ ನೋಟು ಬಂತು. ಓದಿನ ಸುಖವನ್ನು ಹೊಗಳುವ ಆಕೆಯ ಕಾದಂಬರಿಯ ಮಾತೊಂದನ್ನೂ ಅಚ್ಚು ಹಾಕಿದ್ದಾರೆ. ತಮಾಷೆಯೆಂದರೆ, ಕಥೆಯಲ್ಲಿ ಆ ಮಾತನ್ನಾಡುವವಳಿಗೆ ಓದೆಂದರೆ ಆಕಳಿಕೆ. ತೋರಿಕೆಗೆ ಹಾಗೆ ಹೇಳಿ, ಮರುಗಳಿಗೆಯಲ್ಲೇ ಪುಸ್ತಕ ಬಿಸಾಡುತ್ತಾಳೆ!

ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದೇ ನಿವೃತ್ತನಾದವನು. ಸಾಹಿತಿಗಳ ಜೀವನ ಓದುವಾಗಲೂ ಕಣ್ಣು ಅಂಕಿಗಳ ಕಡೆಗೇ ಹೋಗುತ್ತದೆ. ಆದರೆ ಜೇನ್‌ಳ ಕಾದಂಬರಿಗಳಲ್ಲೂ ಯಾರಿಗೆ ವರ್ಷಕ್ಕೆಷ್ಟು ವರಮಾನ ಎಂಬುದು ಮೊದಲೇ ಗೊತ್ತಾಗಿಬಿಡುತ್ತದೆ. ಅದಕ್ಕೆ ಕಾರಣವಿತ್ತು.

ಆಕೆ ಹುಟ್ಟಿದ್ದು 1775ರಲ್ಲಿ, ಸ್ಟೀವನ್‌ಟನ್ ಎಂಬ ಹಳ್ಳಿಯ ಪಾದ್ರಿಯ ಮನೆಯಲ್ಲಿ. 1805ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ, ಅಕ್ಕ ಕಸಾಂಡ್ರಾ ಮತ್ತು ಜೇನ್, ಮೂವರೂ ಗಂಡುಮಕ್ಕಳು ಕೊಟ್ಟದ್ದರಲ್ಲಿ ಬದುಕಬೇಕಾಯಿತು. ಅಂಥ ಮನೆತನದ ಹೆಣ್ಣುಮಕ್ಕಳು ದುಡಿಯಲು ಹೊರಟರೆ ಸಿರಿವಂತರ ಮಕ್ಕಳಿಗೆ ಪಾಠ ಹೇಳುವುದು ಬಿಟ್ಟರೆ ಹೆಚ್ಚೇನೂ ದಾರಿಯಿರಲಿಲ್ಲ.

ತಂದೆ ಇದ್ದಾಗಲೇ, 1803ರಲ್ಲಿ, ಆಕೆಯ ಒಂದು ಕಾದಂಬರಿಯನ್ನು ಲಂಡನ್ನಿನ ಪ್ರಕಾಶಕರು ಕೊಂಡಿದ್ದರು. ಬೆಲೆ ಎಷ್ಟು ಗೊತ್ತೇ? ಹತ್ತು ಪೌಂಡು! ಕೊಂಡವರು ಅಚ್ಚು ಹಾಕದೆ ಸುಮ್ಮನೆ ಇಟ್ಟುಕೊಂಡರು. ಆರು ವರ್ಷ ಕಾದು ಜೇನ್ ಸುಳ್ಳು ಹೆಸರಿನಲ್ಲಿ ಒಂದು ಖಾರವಾದ ಕಾಗದ ಬರೆದಳು: ಮಿಸೆಸ್ ಆಶ್ಟನ್ ಡೆನ್ನಿಸ್. ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿ ನೋಡಿ, ‘ಮ್ಯಾಡ್’! ಹತ್ತು ಪೌಂಡು ಕೊಟ್ಟು ವಾಪಸು ತೆಗೆದುಕೊಳ್ಳಿ ಎಂದು ಉತ್ತರ ಬಂತು. ಅದು ಕೈಗೆ ಬಂದದ್ದು 1816ರಲ್ಲಿ. ಅಣ್ಣ ಹೆನ್ರಿ ಹಣ ಕಟ್ಟಿ ಬಿಡಿಸಿಕೊಂಡ. ಬರೆದವಳು ಯಾರೆಂದು ಪ್ರಕಾಶಕರಿಗೆ ತಿಳಿಸಿದ್ದು ಆಮೇಲೆ. ಅಷ್ಟು ಹೊತ್ತಿಗೆ ಜೇನ್‌ಳ ಬೇರೆ ಕಾದಂಬರಿಗಳು ಹೆಸರು ಮಾಡಿದ್ದವು.

1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯನ್ನು ನಷ್ಟವಾದರೆ ತನ್ನದೇ ಎಂಬ ಕರಾರಿನ ಮೇಲೆ ಪ್ರಕಟಿಸಿದಳು. ಲೇಖಕಿಯ ಹೆಸರಿನ ಜಾಗದಲ್ಲಿ ‘ಒಬ್ಬ ಮಹಿಳೆ’ ಎಂದಷ್ಟೇ ಇತ್ತು. 140 ಪೌಂಡು ಲಾಭ ಬಂತು. ಮುಂದಿನ ‘ಪ್ರೈಡ್ ಅಂಡ್ ಪ್ರಿಜುಡಿಸ್’ಗೆ 150 ಕೇಳಿ, 110ಕ್ಕೆ ಹಕ್ಕನ್ನೇ ಮಾರಿಬಿಟ್ಟಳು. ಪುಸ್ತಕ ಚೆನ್ನಾಗಿ ಖರ್ಚಾಯಿತು, ಆದರೆ ಆ ಲಾಭ ಪ್ರಕಾಶಕರ ಪಾಲಾಯಿತು.

1816ರಲ್ಲೇ ಹೆನ್ರಿಯ ಬ್ಯಾಂಕು ದಿವಾಳಿಯೆದ್ದಿತು. ಬಂಧುಗಳು ಸಾವಿರಾರು ಪೌಂಡು ಕಳೆದುಕೊಂಡರು. ಜೇನ್‌ಳದು ಹೋದದ್ದು ಹದಿಮೂರು ಪೌಂಡು ಚಿಲ್ಲರೆ. ಕಾದಂಬರಿಗಳಿಂದ ಬಂದ 600 ಪೌಂಡನ್ನು ಆಕೆ ನೂರಕ್ಕೆ ಐದರ ಬಡ್ಡಿಯ ಸರ್ಕಾರಿ ಸಾಲಪತ್ರದಲ್ಲಿ ತೊಡಗಿಸಿದ್ದಳು. ಅದರ ಲೆಕ್ಕವನ್ನು ಒಂದು ಚೀಟಿಯಲ್ಲಿ ಸ್ವಂತ ಕೈಯಿಂದ ಬರೆದಿಟ್ಟಿದ್ದಾಳೆ. ಎಂಥ ಅಚ್ಚುಕಟ್ಟು!

1817ರ ಏಪ್ರಿಲ್‌ನಲ್ಲಿ, ಕಾಯಿಲೆ ಜೋರಾದಾಗ, ಉಯಿಲು ಬರೆದಳು. ಜುಲೈ 18ರಂದು ತೀರಿಕೊಂಡಾಗ ವಯಸ್ಸು 41. ಉಯಿಲಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಕ್ಕ ಕಸಾಂಡ್ರಾಗೆ. ಐವತ್ತು ಪೌಂಡು ದಿವಾಳಿಯಾದ ಅಣ್ಣ ಹೆನ್ರಿಗೆ. ಇನ್ನೊಂದು ಐವತ್ತು, ಅವನ ಮನೆ ನೋಡಿಕೊಳ್ಳುತ್ತಿದ್ದ ಫ್ರೆಂಚ್ ಹೆಂಗಸಿಗೆ.