ಇಂಟರ್ನೆಟ್ ಮನೆಗೆ ಬಂತು, ಕಾಯಿಲೆಯವರ ಕೈಗೆ ಬಂತೇ?

ನಿಮ್ಮ ಮನೆಯಲ್ಲಿ ಇಂಟರ್ನೆಟ್ ಇದೆಯೇ ಎಂದು ಯಾರಾದರೂ ಬಂದು ಕೇಳಿದರೆ, ಶಿವಮೊಗ್ಗ ನಗರದಲ್ಲಾಗಲಿ ಭದ್ರಾವತಿಯಲ್ಲಾಗಲಿ ಇಂದು ‘ಇಲ್ಲ’ ಎನ್ನುವ ಮನೆಗಳು ಕಡಿಮೆ. ಆದರೆ ಅದೇ ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಯಾರು, ಅವರ ರಕ್ತಪರೀಕ್ಷೆಯ ವರದಿ ಯಾರ ಫೋನಿಗೆ ಬರುತ್ತದೆ ಎಂದು ಕೇಳಿ ನೋಡಿ. ಹಲವು ಮನೆಗಳಲ್ಲಿ ಎರಡು ಬೇರೆ ಬೇರೆ ಹೆಸರು ಹೇಳುತ್ತಾರೆ. ಈ ವಾರ ರಕ್ತದೊತ್ತಡ, ಮಂಡಿನೋವುಗಳನ್ನು ಬದಿಗಿಟ್ಟು ಇದರ ಬಗ್ಗೆಯೇ ಬರೆಯುತ್ತಿದ್ದೇನೆ. ಇದೂ ಆರೋಗ್ಯದ ಪ್ರಶ್ನೆಯೇ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. 2011ರ ಜನಗಣತಿ ನಡೆದಾಗ ಇಂಟರ್ನೆಟ್ ಇರುವ ಕಂಪ್ಯೂಟರ್ ಹೊಂದಿದ್ದ ಮನೆಗಳು ನೂರಕ್ಕೆ 3.1 ಮಾತ್ರ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಇಂಟರ್ನೆಟ್ ಸೌಲಭ್ಯವಿದ್ದ ಮನೆಗಳು ಶೇಕಡಾ 23.8, ನಗರಗಳಲ್ಲಿ ಶೇಕಡಾ 42, ಹಳ್ಳಿಗಳಲ್ಲಿ 15ಕ್ಕೂ ಒಂದು ಕೂದಲೆಳೆ ಕಡಿಮೆ. 2025ರ ಜನವರಿಯಿಂದ ಮಾರ್ಚ್‌ವರೆಗೆ ಕೇಂದ್ರ ಸರ್ಕಾರ ನಡೆಸಿದ ಸಮೀಕ್ಷೆಯಲ್ಲಿ ಇದು ಶೇಕಡಾ 86.3. ಮೂರೂ ಕಡೆ ಕೇಳಿದ ಪ್ರಶ್ನೆ ಒಂದೇ ಅಲ್ಲ, ಆದ್ದರಿಂದ ಅಂಕಿಗಳನ್ನು ನೇರವಾಗಿ ಒಂದರ ಪಕ್ಕ ಒಂದಿಟ್ಟು ತೂಗುವುದು ಸರಿಯಲ್ಲ. ಆದರೂ ಏರಿಕೆ ಎಷ್ಟೆಂಬುದು ತಿಳಿಯುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ದರ ಬಿದ್ದದ್ದು, ಕೊರೋನಾ ಕಾಲದಲ್ಲಿ ಮಕ್ಕಳ ಪಾಠ ಫೋನಿಗೆ ಬಂದದ್ದು, ಇವೆರಡೂ ಸೇರಿ ಈ ಕೆಲಸ ಮಾಡಿದವು. ನಲ್ಲಿನೀರು ಸರಿಯಾಗಿ ಬಾರದ ಬೀದಿಗೂ ಇಂಟರ್ನೆಟ್ ಬಂದಿದೆ ಎಂದರೆ ಅದೇನು ಸಣ್ಣ ಸಾಧನೆಯಲ್ಲ.

ಆದರೆ ಈ ಲೆಕ್ಕ ಮನೆಯದು. ಮನೆ ಎಂಬುದಕ್ಕೆ ಕಾಯಿಲೆ ಬರುವುದಿಲ್ಲ, ಮನೆಯೊಳಗಿನ ಒಬ್ಬರಿಗೆ ಬರುತ್ತದೆ.

ಭದ್ರಾವತಿಯ ಆಕಾಶವಾಣಿ 1965ರಲ್ಲಿ ಶುರುವಾಯಿತು. ಮನೆಗೊಂದು ರೇಡಿಯೋ ಇದ್ದರೆ ನಡುಮನೆಯಲ್ಲಿ ಹಚ್ಚಿದ್ದು ಅಡುಗೆಮನೆಗೂ ಕೇಳುತ್ತಿತ್ತು. ಮಗುವಿಗೆ ಭೇದಿಯಾದರೆ ಏನು ಕುಡಿಸಬೇಕೆಂದು ವೈದ್ಯರು ಹೇಳಿದ ಮಾತು ಅಕ್ಷರ ಬಾರದ ಅಜ್ಜಿಯ ಕಿವಿಗೂ ಬೀಳುತ್ತಿತ್ತು. ರೇಡಿಯೋ ಪಾಸ್‌ವರ್ಡ್ ಕೇಳಲಿಲ್ಲ. ಫೋನು ಹಾಗಲ್ಲ. ಮನೆಯಲ್ಲಿ ಇಂಟರ್ನೆಟ್ ಇರುವ ಫೋನು ಒಂದೇ ಆದರೆ ಅದು ದುಡಿಯುವವನ ಜೇಬಿನಲ್ಲಿರುತ್ತದೆ. ಎರಡಾದರೆ ಎರಡನೆಯದು ಓದುವ ಮಕ್ಕಳ ಕೈಯಲ್ಲಿ. ಅಮ್ಮನ ಸರದಿ ಆಮೇಲೆ.

ಇದು ಬರೀ ನನ್ನ ಊಹೆಯಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ‘ಎಂದಾದರೂ ಇಂಟರ್ನೆಟ್ ಬಳಸಿದ್ದೀರಾ’ ಎಂದು ಕೇಳಿದ್ದರು. ಕರ್ನಾಟಕದಲ್ಲಿ ಹೌದೆಂದ ಗಂಡಸರು ಶೇಕಡಾ 62.4, ಹೆಂಗಸರು ಶೇಕಡಾ 35. ಇದು ಕೊರೋನಾಕ್ಕೆ ಮುಂಚಿನ ಲೆಕ್ಕ, ಈಗ ಎರಡೂ ಏರಿರುತ್ತವೆ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೊಂದು ಸಂಗತಿ. ಈ ಅಂಕಿಗಳು 15ರಿಂದ 49 ವಯಸ್ಸಿನವರವು. ನಮ್ಮ ಕ್ಲಿನಿಕ್ಕಿನ ಬೆಂಚುಗಳನ್ನು ತುಂಬುವವರು, ಅಂದರೆ ಸಕ್ಕರೆ, ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆಯವರು, ಬಹುಪಾಲು ಆ ವಯಸ್ಸು ದಾಟಿದವರು. ಅವರು ಆ ಲೆಕ್ಕದಲ್ಲೇ ಇಲ್ಲ.

ಭದ್ರಾವತಿಯಲ್ಲಿ ಇಂಥ ಮನೆಗಳು ಹೆಚ್ಚೆಂದೇ ಹೇಳಬೇಕು. ಎಂ.ಪಿ.ಎಂ. ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯಲ್ಲಿ ನೌಕರಿಗಳು ಕುಗ್ಗುತ್ತಾ ಬಂದವು. ಮಕ್ಕಳು ಬೆಂಗಳೂರು ಸೇರಿದರು, ನಿವೃತ್ತರಾದ ತಂದೆ ತಾಯಿ ಇಲ್ಲೇ ಉಳಿದರು. ಆಧಾರ್‌ಗೆ, ಬ್ಯಾಂಕಿಗೆ, ಗ್ಯಾಸಿಗೆ, ಆಸ್ಪತ್ರೆಗೆ, ಎಲ್ಲದಕ್ಕೂ ಕೊಟ್ಟಿರುವುದು ಮಗನ ನಂಬರು. ಓ.ಟಿ.ಪಿ. ಬೆಂಗಳೂರಿನಲ್ಲಿ ಬೀಳುತ್ತದೆ, ಕಾಯಿಲೆ ಭದ್ರಾವತಿಯಲ್ಲಿರುತ್ತದೆ.

ಜನ್ನಾಪುರದ ಕಡೆಯ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಅರವತ್ತು ದಾಟಿದವರು, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನಕ್ಕೆರಡು ನುಂಗುತ್ತಿದ್ದರು. ಅದನ್ನು ನಿಲ್ಲಿಸುವಂತೆ ಹೇಳಿ, ಮೂತ್ರಪಿಂಡದ ಕೆಲಸ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಬರೆದು, ವರದಿ ಹಿಡಿದು ಮೂರನೆಯ ದಿನ ಬನ್ನಿ ಎಂದಿದ್ದೆ. ಪ್ರಯೋಗಾಲಯದವರು ಅವರು ಕೊಟ್ಟ ನಂಬರಿಗೆ, ಅಂದರೆ ಮಗನ ನಂಬರಿಗೆ, ಅದೇ ಸಂಜೆ ವರದಿ ಕಳಿಸಿದರು. ಮಗ ರಾತ್ರಿ ಪಾಳಿಯಲ್ಲಿದ್ದ, ತೆರೆದು ನೋಡಿದ, ಅರ್ಥವಾಗಲಿಲ್ಲ, ಆಮೇಲೆ ಕೇಳಿದರಾಯಿತೆಂದು ಬಿಟ್ಟ. ಈ ತಾಯಿ ಮರುದಿನ ಪ್ರಯೋಗಾಲಯಕ್ಕೆ ಹೋಗಿ ಕೇಳಿದ್ದಾರೆ. ‘ಫೋನಿಗೆ ಹಾಕಿದೀವಲ್ಲಮ್ಮ’ ಎಂಬ ಉತ್ತರ ಬಂತು. ಕೆಟ್ಟದ್ದೇನಾದರೂ ಇದ್ದರೆ ಮಗ ಹೇಳುತ್ತಿದ್ದ ಎಂದುಕೊಂಡು ಸುಮ್ಮನಾದರು, ಮಂಡಿ ನೋಯುತ್ತಿದ್ದುದರಿಂದ ನೋವಿನ ಮಾತ್ರೆಯನ್ನೂ ಮತ್ತೆ ಶುರು ಮಾಡಿದರು. ನಾಲ್ಕನೆಯ ವಾರ ಕಾಲು ಊದಿಸಿಕೊಂಡು, ಅನ್ನ ಕಂಡರೆ ವಾಕರಿಕೆ ಎನ್ನುತ್ತಾ ಬಂದರು. ‘ರಿಪೋರ್ಟು ಮಗನ ಫೋನಲ್ಲಿದೆ ಡಾಕ್ಟ್ರೇ’ ಎಂದರು. ಅಲ್ಲೇ ಫೋನು ಮಾಡಿಸಿ ತರಿಸಿ ನೋಡಿದರೆ ಕ್ರಿಯಾಟಿನಿನ್ ಆಗಲೇ ಏರಿತ್ತು, ಹೊಸ ಪರೀಕ್ಷೆಯಲ್ಲಿ ಇನ್ನೂ ಏರಿತ್ತು. ನೋವಿನ ಮಾತ್ರೆ ನಿಲ್ಲಿಸಿ, ಸಕ್ಕರೆಯ ಮಾತ್ರೆ ಬದಲಿಸಿ, ಮೂತ್ರಪಿಂಡದ ತಜ್ಞರಲ್ಲಿಗೆ ಕಳಿಸಿದ ಮೇಲೆ ಸ್ವಲ್ಪ ಇಳಿಯಿತು. ಮೊದಲಿದ್ದಲ್ಲಿಗೆ ಬರಲಿಲ್ಲ.

ಈ ಮನೆಯಲ್ಲಿ ಇಂಟರ್ನೆಟ್ ಇತ್ತು. ವರದಿ ಒಂದು ಗಂಟೆಯೂ ತಡವಾಗಲಿಲ್ಲ. ಒಂದು ಹಾಳೆ ಕಾಗದ ಆ ತಾಯಿಯ ಕೈಗೆ ಸಿಕ್ಕಿದ್ದರೆ ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಮೂರನೆಯ ದಿನವೇ ಬಂದಿರುತ್ತಿದ್ದರು.

‘ಅವರೂ ಕಲಿಯಲಿ ಬಿಡಿ, ಅದೇನು ಬ್ರಹ್ಮವಿದ್ಯೆಯೇ’ ಎಂದು ತರುಣರು ಹೇಳುವುದನ್ನು ಕೇಳಿದ್ದೇನೆ. ಕಲಿಯಲಿ, ಬೇಡವೆನ್ನುವುದಿಲ್ಲ. ಗೃಹಲಕ್ಷ್ಮಿ ಹಣ ಬಂತೇ ಎಂದು ನೋಡಲು ಎಸ್.ಎಂ.ಎಸ್. ತೆರೆಯುವುದನ್ನು ಕಲಿತ ಹೆಂಗಸರು ನನ್ನಲ್ಲಿಗೆ ಬರುತ್ತಾರೆ, ಕಲಿಯುವ ಬುದ್ಧಿಗೆ ಕೊರತೆಯಿಲ್ಲ. ಆದರೆ ವಯಸ್ಸಾದ ದೇಹದ ಕಷ್ಟ ಬೇರೆ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದರ ಮೇಲೆ ಪೊರೆ ಬಂದರೆ ಬಿಸಿಲಿನಲ್ಲಿ ಫೋನಿನ ಪರದೆ ಕಾಣುವುದೇ ಇಲ್ಲ. ಚರ್ಮ ಒಣಗಿದ ಬೆರಳಿನ ಸ್ಪರ್ಶವನ್ನು ಪರದೆ ಗುರುತಿಸುವುದಿಲ್ಲ, ಮತ್ತೆ ಮತ್ತೆ ಒತ್ತಬೇಕಾಗುತ್ತದೆ. ಬೆರಳು ನಡುಗುವವರು ಒಂದು ಒತ್ತಲು ಹೋಗಿ ಇನ್ನೊಂದು ಒತ್ತುತ್ತಾರೆ. ಜೀವನವಿಡೀ ಕಬ್ಬಿಣ, ಗಾರೆ, ಸೋಪಿನ ಕೆಲಸ ಮಾಡಿದ ಕೈಗಳ ಬೆರಳಚ್ಚು ಸವೆದು ಯಂತ್ರಕ್ಕೆ ಸಿಗುವುದಿಲ್ಲ. ಓ.ಟಿ.ಪಿ. ಬಂದದ್ದು ಕಂಡು, ಕನ್ನಡಕ ಹುಡುಕಿ, ಓದಿ, ಒತ್ತುವಷ್ಟರಲ್ಲಿ ಅದರ ಆಯುಸ್ಸು ಮುಗಿದಿರುತ್ತದೆ. ಇದನ್ನು ದಡ್ಡತನ ಎನ್ನುವವರು ಇಪ್ಪತ್ತು ವರ್ಷ ಕಾಯಲಿ.

ಇನ್ನೊಂದು ವಿಷಯವನ್ನು ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವರದಿ ಬೇರೆಯವರ ಫೋನಿಗೆ ಹೋದರೆ ಗುಟ್ಟೂ ಹೋಗುತ್ತದೆ. ಸೊಸೆಯ ಗರ್ಭಪರೀಕ್ಷೆ, ಕ್ಷಯದ ಪರೀಕ್ಷೆ, ಮನಸ್ಸಿನ ಕಾಯಿಲೆಯ ಮಾತ್ರೆ ಚೀಟಿ, ಇವು ಮೊದಲು ಗಂಡನಿಗೋ ಮೈದುನನಿಗೋ ತಿಳಿದು, ಆಮೇಲೆ ಅವಳಿಗೆ ತಿಳಿಯುತ್ತವೆ. ಹಾಗಾಗುತ್ತದೆಂಬ ಹೆದರಿಕೆಯಿಂದ ಪರೀಕ್ಷೆಯನ್ನೇ ಮಾಡಿಸದೆ ಹೋದವರಿದ್ದಾರೆ.

2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರಿಗೆ ಕೊರೋನಾ ಲಸಿಕೆ ಶುರುವಾದಾಗ ಕೋವಿನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸುವುದು ಕಡ್ಡಾಯವಾಗಿತ್ತು. ಚುರುಕು ಬೆರಳಿನವರಿಗೆ ಲಸಿಕೆ ಸಿಕ್ಕಿತು. ಅದೇ ತಿಂಗಳ 24ರಂದು ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಒಪ್ಪಿಗೆ ಬಂತು, 31ರಂದು ಸುಪ್ರೀಂ ಕೋರ್ಟು ಕೂಡ ಇಂಟರ್ನೆಟ್ ಇಲ್ಲದವರ ಗತಿಯೇನೆಂದು ಪ್ರಶ್ನಿಸಿತು. ಆ ಪಾಠ ಮರೆಯುವಂಥದ್ದಲ್ಲ. ಈಗ ಆಸ್ಪತ್ರೆಗಳಲ್ಲಿ ಕ್ಯೂ.ಆರ್. ಸ್ಕ್ಯಾನ್ ಮಾಡಿ ಹೊರರೋಗಿ ಚೀಟಿ ಪಡೆಯುವ ಏರ್ಪಾಡು ಬಂದಿದೆ. ಬಲ್ಲವರು ಅದರಿಂದ ಚೀಟಿ ಮಾಡಿಸಿದರೆ ಸಾಲು ಕರಗುತ್ತದೆ, ಒಳ್ಳೆಯದೇ. ಆದರೆ ಭದ್ರಾವತಿಯಿಂದ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗದ ಆಸ್ಪತ್ರೆಗೆ ಬರುವ ಅಜ್ಜನಿಗೆ ಕಿಟಕಿಯ ಹಿಂದೆ ಒಬ್ಬ ಮನುಷ್ಯ ಕೂತಿರಲೇಬೇಕು. ಆಭಾ ಆರೋಗ್ಯ ಸಂಖ್ಯೆ ಕಡ್ಡಾಯವಲ್ಲ. ಅದಿಲ್ಲವೆಂದು ಯಾರೂ ಚಿಕಿತ್ಸೆ ನಿರಾಕರಿಸುವಂತಿಲ್ಲ.

ನಾನು ಫೋನಿನ ವೈರಿಯಲ್ಲ. ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣಿನ ಫೋಟೋ ಮಗಳು ಕಳಿಸಿದರೆ ಒಂದು ಆಟೋ ಬಾಡಿಗೆ ಉಳಿಯುತ್ತದೆ. ಇ-ಸಂಜೀವಿನಿಯಲ್ಲಿ ದೂರದ ವೈದ್ಯರೊಡನೆ ಹಣವಿಲ್ಲದೆ ಮಾತಾಡಬಹುದು. ನಾನು ಕೇಳುವುದು ಇಷ್ಟೇ: ಫೋನಿಗೆ ಕಳಿಸಿದ ಮೇಲೂ ವರದಿಯ ಕಾಗದವನ್ನು ಕೇಳದೆಯೇ ಕೊಡಲಿ. ಅದರ ಖರ್ಚು ಎಷ್ಟು ಮಹಾ? ಅಂಕಿ ಅಪಾಯಕರವಾಗಿದ್ದರೆ ಪ್ರಯೋಗಾಲಯದವರು ಪರೀಕ್ಷೆ ಬರೆದ ವೈದ್ಯರಿಗೂ ಬಾಯಿಮಾತಿನಲ್ಲಿ ತಿಳಿಸಲಿ. ಮಾತ್ರೆ ಬದಲಾದರೆ ವೈದ್ಯರಾದ ನಾವು ವಾಟ್ಸಾಪಿನಲ್ಲಿ ಹೇಳಿ ಮುಗಿಸದೆ ಚೀಟಿಯಲ್ಲಿ ಕನ್ನಡದಲ್ಲಿ ಬರೆಯೋಣ.

ನೀವು ಮಾಡಬಹುದಾದದ್ದೂ ಇದೆ. ಪ್ರಯೋಗಾಲಯದಲ್ಲಿ ನಂಬರು ಕೇಳಿದಾಗ, ರೋಗಿಯ ಜೊತೆ ಅದೇ ಸೂರಿನಡಿ ಇರುವವರ ನಂಬರು ಕೊಡಿ. ಬೆಂಗಳೂರಿನ ಮಗನದು ಎರಡನೆಯದಾಗಿರಲಿ. ‘ಪ್ರಿಂಟ್ ಕೊಡಿ’ ಎಂದು ಕೇಳಲು ಸಂಕೋಚ ಬೇಡ, ಹಣ ಕೊಟ್ಟವರು ನೀವು. ದೂರದಲ್ಲಿರುವ ಮಕ್ಕಳು ವರದಿ ಬಂದ ದಿನವೇ, ಅರ್ಥವಾಗಲಿ ಬಿಡಲಿ, ಅಮ್ಮನಿಗೆ ಫೋನು ಮಾಡಿ ‘ಬಂದಿದೆ, ನಾಳೆ ಡಾಕ್ಟರ ಹತ್ತಿರ ಹೋಗು’ ಎನ್ನಿ. ಮಾತ್ರೆಗಳ ಹೆಸರು ಬರೆದ ಒಂದು ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೋ ದೇವರ ಕೋಣೆಯ ಗೋಡೆಗೋ ಅಂಟಿಸಿಡಿ. ಅದೇ ಹಾಳೆಯ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಎರಡು ಸಂಖ್ಯೆ ಬರೆಯಿರಿ: ಆಂಬುಲೆನ್ಸಿಗೆ 108, ಮನಸ್ಸಿನ ತೊಳಲಾಟಕ್ಕೆ ಟೆಲಿ-ಮಾನಸ್‌ನ 14416. ಎರಡಕ್ಕೂ ಇಂಟರ್ನೆಟ್ ಬೇಕಾಗಿಲ್ಲ, ಗುಂಡಿ ಒತ್ತುವ ಹಳೆಯ ಫೋನೇ ಸಾಕು.