ಮನ್ಯಾಗೇ ಕುಂತು ಓದು ಅನ್ನೋರಿಗೆ

ಮೊನ್ನೆ ದಾವಣಗೆರೆಯಾಗೆ ನಮ್ಮ ಓರಗಿತ್ತಿ ಮಗಳ ಕುಬಸಕ್ಕೆ ಹೋಗಿದ್ನಲ್ಲ, ಹೋಳಿಗೆ ಬಡಿಸೋ ಹೊತ್ತಿಗೆ ಮಾತು ನನ್ನ ಕಾಲೇಜಿನ ಕಡೆ ತಿರುಗ್ತು. "ನಲವತ್ತು ಹತ್ರ ಬಂತು, ಈಗ ಬ್ಯಾಗ್ ಹಾಕ್ಕೊಂಡು ಹರಿಹರದಿಂದ ಬಸ್ ಹತ್ತೋದು ಯಾಕೆ ಬೇಕಿತ್ತು? ಎಲ್ಲಾ ಆನ್‌ಲೈನ್ ಐತಲ್ಲ, ಮನ್ಯಾಗೇ ಕುಂತು ಓದು" ಅಂತ ಒಬ್ರು ಅಂದ್ರು. ನಾಲ್ಕು ಜನ ಹೌದೌದು ಅಂದ್ರು. ಎಲೆ ಮುಂದೆ ಜಗಳ ಬ್ಯಾಡ ಅಂತ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲ್ಲ.

ಮನ್ಯಾಗೇ ಕುಂತು ಅಂತೀರಲ್ಲ, ಮನ್ಯಾಗೆ ನಾನು ಕುಂತಿದ್ದು ಯಾವಾಗ ನೋಡೀರಿ?

ಮಾಡದೇ ಮಾತಾಡ್ತಿಲ್ಲ ನಾನು. ಎರಡು ವರ್ಷದ ಕೆಳಗೆ ಹೊರಗಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಆನ್‌ಲೈನ್ ಬಿ.ಕಾಂ.ಗೆ ಸೇರಿದ್ದೆ. ಲೈವ್ ಕ್ಲಾಸು ರಾತ್ರಿ ಎಂಟಕ್ಕೆ. ಎಂಟಕ್ಕೆ ನಮ್ಮನೇಲಿ ರೊಟ್ಟಿ ಹೊತ್ತು. ಕಿವಿಯಾಗೆ ಇಯರ್‌ಫೋನು, ಕೈಯಾಗೆ ಹಿಟ್ಟು. ರೆಕಾರ್ಡಿಂಗ್ ಇರ್ತೈತಿ, ಆಮೇಲೆ ನೋಡಿದ್ರಾಯ್ತು ಅಂದ್ಕೊಂಡೆ. ಆ "ಆಮೇಲೆ" ಬರಲೇ ಇಲ್ಲ. ಮಧ್ಯಾಹ್ನ ಮೊಬೈಲ್ ಹಿಡ್ಕೊಂಡು ಕುಂತ್ರೆ, "ಹೆಂಗೂ ಸುಮ್ನೆ ಮೊಬೈಲ್ ನೋಡ್ತಾ ಕುಂತೀಯಲ್ಲ, ಇದನ್ನೊಂಚೂರು ಸುಲಿ" ಅಂತ ಅವರೆಕಾಯಿ ಮೊರ ಮುಂದೆ ಬರೋದು. ಮಾವನೋರ ಮಾತ್ರೆ, ಗ್ಯಾಸ್ ಸಿಲಿಂಡರಿನವ, ಮಗನಿಗೆ ಅದೇ ಫೋನ್ ಬೇಕು. ಬೈದವರು ಯಾರೂ ಇಲ್ಲ, ಸುಳ್ಳು ಹೇಳಬಾರದು. ಆದ್ರೆ ಎರಡನೇ ಸೆಮಿಸ್ಟರಿಗೆ ಬಿಟ್ಟುಬಿಟ್ಟೆ. ಬಿಟ್ಟಿದ್ದು ಮನ್ಯಾಗೆ ಯಾರಿಗೂ ಮೂರು ತಿಂಗಳು ಗೊತ್ತೇ ಆಗಲಿಲ್ಲ. ಓದೋವಾಗಲೂ ಅಡಿಗೆಮನ್ಯಾಗೇ ಇದ್ದೆ, ಬಿಟ್ಟ ಮೇಲೂ ಅಲ್ಲೇ ಇದ್ದೆ. ಅವರಿಗೆ ಗೊತ್ತಾಗೋದಾದ್ರೂ ಹೆಂಗೆ? ಇವತ್ತಿಗೂ ಆ ಫೀಸಿನ ಕಂತು ಮಾತ್ರ ತಿಂಗಳಾ ತಿಂಗಳಾ ಹೋಗ್ತಾ ಐತಿ.

ಹೋದ ವರ್ಷ ದಾವಣಗೆರೆಯ ಒಂದು ಕಾಲೇಜಿಗೆ ಬಿ.ಎ. ಸೇರಿದೆ. ಹರಿಹರದಿಂದ ಹದಿನಾಲ್ಕು ಕಿಲೋಮೀಟರು. ಬಸ್ಸಿಗೆ ದುಡ್ಡಿಲ್ಲ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಐತಲ್ಲ. ಶಕ್ತಿ ಬಂದಾಗಿಂದ ಹೆಂಗಸರು ಸುಮ್ನೆ ತಿರುಗ್ತಾರೆ ಅಂತ ಗಂಡಸರು ಕಟ್ಟೆ ಮೇಲೆ ಕುಂತು ಅಂದಿದ್ದೂ ಕೇಳೀನಿ, ತಿರುಗ್ತೀವಿ, ಏನೀಗ? ಸೀಟು ಸಿಕ್ಕ ದಿನ ಆ ಅರ್ಧ ಗಂಟೆ ನನ್ನದು. ಜೀರಿಗೆ ಡಬ್ಬಿ ಎಲ್ಲೈತಿ ಅಂತ ಬಸ್ಸಿನಾಗೆ ಯಾರೂ ಕೇಳಲ್ಲ.

ಇನ್ನು ಹಾಜರಿ. 75 ಪರ್ಸೆಂಟ್ ಹಾಜರಿ ಬೇಕು ಅಂದ ಕೂಡ್ಲೆ ನೀವೆಲ್ಲ ಹೆದರ್ತೀರಿ, ಸಂಸಾರಸ್ಥರಿಗೆ ಹೆಂಗಾಗ್ತೈತಿ ಅಂತ. ನನ್ನನ್ನ ಉಳಿಸಿದ್ದೇ ಅದು. "ನಂಗೆ ಓದೋದೈತಿ" ಅಂದ್ರೆ ಮನ್ಯಾಗೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. "ಹಾಜರಿ ಕಮ್ಮಿ ಆದ್ರೆ ಪರೀಕ್ಷೆಗೆ ಕೂರಿಸಲ್ಲ" ಅಂದ್ರೆ ಅತ್ತೆಯವರೇ "ಹೋಗು ಹೋಗು, ಸಾರು ನಾನು ನೋಡ್ಕೋತೀನಿ" ಅಂತಾರೆ. ನನ್ನ ಮಾತಿಗೆ ಇಲ್ಲದ ಬೆಲೆ ಹಾಜರಿ ಪುಸ್ತಕಕ್ಕೆ ಐತಿ. ಬೇಜಾರಿನ ಸಂಗತಿನೇ, ಆದ್ರೆ ಇರೋದನ್ನ ಬಳಸ್ಕೋಬೇಕಲ್ಲ. ಭಾನುವಾರ ಖಡಕ್ ರೊಟ್ಟಿ ಬಡಿದಿಟ್ಟು ವಾರ ಎಳೀತೀನಿ. ಕ್ಲಾಸಿನಾಗೆ ಹುಡುಗ್ರು ಆಂಟಿ ಅಂತಾರೆ, ಅನ್ಲಿ. ಮಾವನೋರು ಆಸ್ಪತ್ರೆ ಸೇರಿದಾಗ ಎಂಟು ದಿನ ತಪ್ತು, ಹದಿನೆಂಟು ವರ್ಷದ ಹುಡುಗಿಯೊಬ್ಬಳು ನೋಟ್ಸೆಲ್ಲ ಬರೆದಿಟ್ಟಿದ್ಲು. ರೆಕಾರ್ಡಿಂಗ್ ಹಂಗೆ ಕಾಯ್ಕೊಂಡಿರ್ತೈತಾ?

ಆನ್‌ಲೈನ್ ಸರ್ಟಿಫಿಕೇಟಿಗೆ ಬೆಲೆ ಇಲ್ಲ ಅಂತ ನಾನು ಹೇಳ್ತಿಲ್ಲ. ಮಾನ್ಯತೆ ಇರೋ ಕಡೆ ತಗೊಂಡ ದೂರಶಿಕ್ಷಣ, ಆನ್‌ಲೈನ್ ಡಿಗ್ರಿ ಕಾಲೇಜಿನ ಡಿಗ್ರಿಗೆ ಸಮ ಅಂತ ಯುಜಿಸಿ 2022ರಾಗೇ ಹೇಳೈತಿ. ಆದ್ರೆ "ಮಾನ್ಯತೆ" ಅನ್ನೋದನ್ನ ಬಿಡಬ್ಯಾಡ್ರಿ. ನಮ್ಮ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ 2012–13ರಿಂದ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಾಗೆ ಹೇಳ್ತು. ಮತ್ತೆ ಸಿಕ್ಕಿದ್ದು 2018ಕ್ಕೆ. ನಡುವೆ ಓದಿದೋರು ಪಟ್ಟ ಪಾಡು ಎಷ್ಟೋ ಮನೆಗೆ ಗೊತ್ತೈತಿ. ಸರ್ಕಾರದ್ದಕ್ಕೇ ಹಂಗಾದ್ರೆ, "ಮೇಡಂ ಇವತ್ತೇ ಕೊನೇ ದಿನ" ಅಂತ ಫೋನ್ ಮಾಡೋ ಏಜೆಂಟನ ಮಾತು ಎಷ್ಟು ನಂಬಬೇಕು? ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ, ಮೂರೂ ಯುಜಿಸಿ ದೂರಶಿಕ್ಷಣ ಮಂಡಳಿಯ ಪಟ್ಟಿಯಾಗೆ ಅದಾವಾ ಅಂತ ನೋಡ್ರಿ. ನರ್ಸಿಂಗು, ಲಾ ಆನ್‌ಲೈನಾಗೆ ಕೊಡಿಸ್ತೀವಿ ಅಂದ್ರೆ ಫೋನ್ ಇಟ್ಟುಬಿಡ್ರಿ, ಅವನ್ನ ಹಂಗೆ ಕಲಿಸಂಗೇ ಇಲ್ಲ.

ಹಗಲೆಲ್ಲ ಕೆಲಸಕ್ಕೆ ಹೋಗೋರಿಗೆ, ಅಂಗಡಿ ನೋಡ್ಕೊಳ್ಳೋರಿಗೆ, ಎಳೇ ಕೂಸಿರೋರಿಗೆ ನನ್ನ ದಾರಿ ಆಗಲ್ಲ, ಗೊತ್ತೈತಿ. ಅವರಿಗೆ ಮುಕ್ತ ವಿಶ್ವವಿದ್ಯಾಲಯನೇ ಸರಿ. ಪ್ರಾದೇಶಿಕ ಕೇಂದ್ರ ದಾವಣಗೆರೆಯಾಗೇ ಐತಿ, ಕನ್ನಡದಾಗೇ ಬಿ.ಎ. ಓದಬಹುದು, ಮುಖಾಮುಖಿ ತರಗತಿ ಇರ್ತಾವೆ. ಆ ತರಗತಿ ಕಡ್ಡಾಯ ಇರಲಿ, ಬಿಡಲಿ, ಮನ್ಯಾಗೆ ಕಡ್ಡಾಯ ಅಂತನೇ ಹೇಳಿ ಹೋಗ್ರಿ. ಬರೀ ಮೊಬೈಲಿನಾಗಿನ ಕೋರ್ಸಿಗೆ ಸೇರೋ ಮುಂಚೆ ಮಾತ್ರ ನಿಮ್ಮ ಮನ್ಯಾಗೆ ಒಳಗಿಂದ ಚಿಲಕ ಹಾಕ್ಕೊಳ್ಳೋ ಬಾಗಿಲು ಯಾವುದೈತಿ, ದಿನಕ್ಕೆಷ್ಟು ಹೊತ್ತು ಹಾಕ್ಕೊಳ್ಳಾಕೆ ಬಿಡ್ತಾರೆ ಅಂತ ನೋಡ್ಕೊಳ್ರಿ.

ಕುಬಸದ ಹುಡುಗಿನೇ ಎರಡನೇ ವರ್ಷ ಬಿ.ಎಸ್ಸಿ. ಬಿಟ್ಟು ಮದುವೆ ಆದೋಳು. ಎಲ್ಲರೂ ನನಗೆ ಬುದ್ಧಿ ಹೇಳೋವಾಗ ತಲೆ ಬಗ್ಗಿಸ್ಕೊಂಡು ಕುಂತಿದ್ಲು. ಕೈ ತೊಳೆಯಾಕೆ ಹೋದಾಗ ಹಿಂದೇನೇ ಬಂದು, "ಚಿಗವ್ವ, ಬಿಟ್ಟಲ್ಲಿಂದ ಮತ್ತೆ ಸೇರಿಸ್ಕೋತಾರಾ?" ಅಂತ ಮೆಲ್ಲಗೆ ಕೇಳಿದ್ಲು. ಬಾಣಂತನ ಮುಗಿಲಿ, ಅವಳ ಹಳೇ ಕಾಲೇಜಿಗೆ ನಾನೇ ಜೊತೆಗೆ ಹೋಗಿ ಕೇಳ್ತೀನಿ. ಅಷ್ಟೊತ್ತು ಕೂಸನ್ನ ಯಾರು ಎತ್ಕೋತೀರಿ, ಈಗಲೇ ಹೇಳ್ರಿ.